ಮನೆಯ ಹಾಡು, ಮುಗಿಲಿನ ದಾರಿ

ದೂರದ ಸಂಗೀತವನ್ನು ಕುಳಿತ ಕಡೆಯಲ್ಲಿಯೇ ಕೇಳಬೇಕೆಂಬ ಆಸೆ ಮನುಷ್ಯನಿಗೆ ಹೊಸದಲ್ಲ. ಆ ಆಸೆ ಈಗ ಒಂದು ವಿಚಿತ್ರ ಘಟ್ಟವನ್ನು ಮುಟ್ಟಿದೆ. ಮನೆಯ ಮೂಲೆಯಲ್ಲಿ ಪುಟ್ಟ ಗಣಕವೊಂದನ್ನಿಟ್ಟು, ತಾವು ಕೂಡಿಟ್ಟ ಹಾಡುಗಳನ್ನೆಲ್ಲ ಅದರಲ್ಲಿ ತುಂಬಿ, ನೂರಾರು ಮೈಲಿ ದೂರದ ಊರಿನಲ್ಲಿ ಕುಳಿತು ಅವನ್ನೇ ಕೇಳುವವರಿದ್ದಾರೆ. ಈ ಗಣಕಕ್ಕೆ ಸರ್ವರ್ ಎಂದು ಹೆಸರು. ತಂತಿ ತಲುಪದ ಹಳ್ಳಿಗಾಡಿನಲ್ಲಿ ಮನೆಯಿದ್ದರೆ ಹಾಡು ಹೋಗುವ ದಾರಿ ನೆಲದ ಮೇಲಿನದೂ ಅಲ್ಲ. ಉಪಗ್ರಹವೊಂದರ ಮೂಲಕ ಹಾಯ್ದು ಬರುವ ಅಂತರಜಾಲ. ತಮ್ಮ ಮನೆಯ ಹಾಡನ್ನು ತಾವೇ ಕೇಳಲು ಆಕಾಶಕ್ಕೆ ಹೋಗಿಬರುವುದು ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ ಎಂದು ವಾಚಕರು ನಗಬಹುದು. ಆದರೆ ಹಿಂದಿನ ಕಥೆಯನ್ನು ಬಲ್ಲವರು ಅಷ್ಟು ಸುಲಭವಾಗಿ ನಗಲಾರರು. ಹಾಡಿನ ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿರಬೇಕು ಎಂಬ ಹಳೆಯ ಪ್ರಶ್ನೆಯೊಂದು ಇದರಲ್ಲಿ ಅಡಗಿದೆ.

ಕಥೆ ಮೊದಲಾಗುವುದು ೧೮೮೧ರಲ್ಲಿ, ಪ್ಯಾರಿಸ್ ನಗರದ ವಿದ್ಯುತ್ ಪ್ರದರ್ಶನದಲ್ಲಿ. ಕ್ಲೆಮಾಂ ಅದೆರ್ ಎಂಬ ಯಂತ್ರಶಿಲ್ಪಿ ಅಲ್ಲಿನ ಆಪೆರಾ ರಂಗಮಂದಿರದ ವೇದಿಕೆಯ ಮೇಲೆ ಧ್ವನಿಗ್ರಾಹಕಗಳನ್ನಿಟ್ಟು, ಟೆಲಿಫೋನಿನ ತಂತಿಯ ಮೂಲಕ ಸಂಗೀತವನ್ನು ಪ್ರದರ್ಶನದ ಅಂಗಳಕ್ಕೆ ತಂದ. ಕೇಳುವವರು ಎರಡು ಕಿವಿಗೂ ಒಂದೊಂದು ಕೊಳವೆ ಹಿಡಿದು ನಿಂತರು. ಗಾಯಕರು ವೇದಿಕೆಯ ಮೇಲೆ ಎಡದಿಂದ ಬಲಕ್ಕೆ ಸರಿದದ್ದೂ ಕಿವಿಗೆ ತಿಳಿಯುತ್ತಿತ್ತು. ೧೮೯೦ರಿಂದ ‘ಥಿಯೇಟ್ರೋಫೋನ್’ ಎಂಬ ಹೆಸರಿನಲ್ಲಿ ಇದೊಂದು ವ್ಯಾಪಾರವಾಯಿತು. ಪೆಟ್ಟಿಗೆಗೆ ಐವತ್ತು ಸೆಂಟೀಮಿನ ನಾಣ್ಯ ಹಾಕಿದರೆ ಐದು ನಿಮಿಷದ ಸಂಗೀತ. ಉಳ್ಳವರು ಚಂದಾ ತೆತ್ತು ಮನೆಗೇ ತಂತಿ ಎಳೆಸಿಕೊಳ್ಳಬಹುದಿತ್ತು. ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ ಅಂಥ ಚಂದಾದಾರರಲ್ಲಿ ಒಬ್ಬ. ಹಂಗೆರಿಯ ಬುಡಾಪೆಸ್ಟಿನಲ್ಲಿ ೧೮೯೩ರಲ್ಲಿ ತಿವದಾರ್ ಪುಷ್ಕಾಷ್ ಎಂಬಾತ ಟೆಲಿಫೋನಿನಲ್ಲೇ ಸುದ್ದಿ ಹೇಳುವ ಸಂಸ್ಥೆಯನ್ನು ತೆರೆದ. ಮುಂದೆ ಅದೂ ಸಂಗೀತವನ್ನು ಮನೆಮನೆಗೆ ಕಳುಹಿಸಿತು. ರೇಡಿಯೊ ಬಂತು, ತಂತಿಯ ಸಂಗೀತ ಸೊರಗಿತು. ೧೯೩೨ರಲ್ಲಿ ಥಿಯೇಟ್ರೋಫೋನ್ ಕಣ್ಣು ಮುಚ್ಚಿತು. ಚಂದಾದಾರನ ಗೋಡೆಯ ಮೇಲೆ ಉಳಿದದ್ದು ಮಾತಿಲ್ಲದ ಎರಡು ಕೊಳವೆಗಳು.

ಇದೇ ಕಾಲದಲ್ಲಿ ಇನ್ನೊಂದು ಪ್ರವಾಹವೂ ಹರಿಯುತ್ತಿತ್ತು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಗಾಗಿ ಹಾಡಿದಳು. ಪ್ಲೇಟು ಕೊಂಡವನಿಗೆ ಅದು ಸ್ವಂತದ ಸೊತ್ತು. ಕಂಪನಿ ಮುಳುಗಲಿ, ಏಳಲಿ, ಕಪಾಟಿನಲ್ಲಿದ್ದ ಹಾಡು ಕಪಾಟಿನಲ್ಲೇ ಇರುತ್ತಿತ್ತು. ಆದರೆ ಅದು ಕಪಾಟನ್ನು ಬಿಟ್ಟು ಕದಲದು. ತಂತಿಯಲ್ಲಿ ದಾರಿಯಿತ್ತು, ಒಡೆತನವಿರಲಿಲ್ಲ. ಪ್ಲೇಟಿನಲ್ಲಿ ಒಡೆತನವಿತ್ತು, ದಾರಿಯಿರಲಿಲ್ಲ. ಈ ಎರಡನ್ನು ಕೂಡಿಸಲು ನೂರು ವರ್ಷ ಹಿಡಿಯಿತು.

ನಮ್ಮ ನಾಡಿನಲ್ಲಿ ಮನೆಯೊಳಗಿನಿಂದಲೇ ಸ್ವರವನ್ನು ಹೊರಗೆ ಕಳುಹಿಸಿದ ಪುಣ್ಯ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರದು. ೧೯೩೫ರ ಸೆಪ್ಟೆಂಬರ್ ೧೦ರಂದು ಅವರು ತಮ್ಮ ‘ವಿಠ್ಠಲ ವಿಹಾರ’ದಲ್ಲಿ ಕೇವಲ ೩೦ ವ್ಯಾಟ್ ಶಕ್ತಿಯ ಪ್ರೇಷಕವನ್ನು ಹೂಡಿ ಬಾನುಲಿಯನ್ನು ಆರಂಭಿಸಿದರು. ಇಂದಿನ ಒಂದು ದೀಪದ ಬುರುಡೆಯಷ್ಟು ಶಕ್ತಿ! ‘ಆಕಾಶವಾಣಿ’ ಎಂಬ ಸೊಗಸಾದ ಹೆಸರು ಬಾನುಲಿಗೆ ಒದಗಿದ್ದು ಆ ನಿಲಯದಿಂದಲೇ. ಒಂದು ಸಂಸಾರದ ಮನೆ ಊರಿನ ಕಿವಿಗೆ ಸಂಗೀತ ಬಡಿಸಬಲ್ಲದು ಎಂಬುದನ್ನು ಅದು ತೋರಿಸಿಕೊಟ್ಟಿತು. ಮುಂದೆ ನಿಲಯ ಸರ್ಕಾರದ ಕೈಸೇರಿ, ೧೯೫೫ರಲ್ಲಿ ಬೆಂಗಳೂರಿಗೆ ಬಂದಿತು.

ಇನ್ನು ಮುಗಿಲಿನ ದಾರಿ. ಭೂಮಿಯಿಂದ ೩೫,೭೮೬ ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹವೊಂದನ್ನು ನಿಲ್ಲಿಸಿದರೆ ಅದು ನಮ್ಮ ನೆತ್ತಿಯ ಮೇಲೆ ಕದಲದೆ ನಿಂತಂತೆ ಕಾಣುವುದೆಂದೂ, ಅಲ್ಲಿಂದ ಅರ್ಧ ಜಗತ್ತಿಗೆ ಪ್ರಸಾರ ಮಾಡಬಹುದೆಂದೂ ಆರ್ಥರ್ ಕ್ಲಾರ್ಕ್ ೧೯೪೫ರಲ್ಲಿ ಬರೆದ. ಅಮೆರಿಕದಿಂದ ಎರವಲು ತಂದ ಅಂಥ ಒಂದು ಉಪಗ್ರಹದಿಂದ ೧೯೭೫ರ ಆಗಸ್ಟಿನಿಂದ ಒಂದು ವರ್ಷ ಭಾರತದ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳು ಬಂದವು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಸೀಮೆಯ ಹಳ್ಳಿಗಳೂ ಅದರಲ್ಲಿದ್ದವು. ಅವಧಿ ತೀರಿತು, ಒಡೆಯರು ಉಪಗ್ರಹವನ್ನು ಸರಿಸಿಕೊಂಡರು.

ಸಂಗೀತದ ಮಟ್ಟಿಗೆ ಇದಕ್ಕಿಂತ ಕಹಿಯಾದ ಪಾಠ ವರ್ಲ್ಡ್‌ಸ್ಪೇಸ್ ಸಂಸ್ಥೆಯದು. ೨೦೦೦ದಲ್ಲಿ ಅದರ ಏಷ್ಯಾಸ್ಟಾರ್ ಉಪಗ್ರಹ ಮೇಲೇರಿತು. ಪುಟ್ಟ ಆಂಟೆನಾ ಉಳ್ಳ ರೇಡಿಯೊ ಕೊಂಡು ಚಂದಾ ಕಟ್ಟಿದರೆ ಹಗಲಿರುಳೂ ಕರ್ನಾಟಕ ಸಂಗೀತ, ಹಿಂದೂಸ್ತಾನಿ, ಕನ್ನಡದ ಹಾಡು ಎಲ್ಲವೂ ಗಗನದಿಂದ ಇಳಿಯುತ್ತಿದ್ದವು. ಅದರ ಚಂದಾದಾರರಲ್ಲಿ ಬಹುಪಾಲು ಭಾರತೀಯರೇ. ಸಂಸ್ಥೆ ೨೦೦೮ರಲ್ಲಿ ದಿವಾಳಿ ಅರ್ಜಿ ಹಾಕಿತು. ೨೦೦೯ರ ಡಿಸೆಂಬರ್ ೩೧ಕ್ಕೆ ಭಾರತದ ಸೇವೆ ನಿಂತಿತು. ಉಪಗ್ರಹ ಮೇಲೆಯೇ ಇತ್ತು, ರೇಡಿಯೊ ಮೇಜಿನ ಮೇಲೆಯೇ ಇತ್ತು. ನಡುವಿನ ರಾಗ ಮಾತ್ರ ಇರಲಿಲ್ಲ. ಪ್ಯಾರಿಸಿನ ಕೊಳವೆಗಳ ಕಥೆಯೇ ಮತ್ತೊಮ್ಮೆ ನಡೆಯಿತು ಎಂದರೆ ತಪ್ಪಾಗಲಾರದು.

ಹಾಗಾದರೆ ಕೇಳುವವನೇ ಉಗ್ರಾಣವನ್ನೂ ಇಟ್ಟುಕೊಂಡರೆ? ಜರ್ಮನಿಯ ಎರ್ಲಾಂಗೆನ್ನಿನ ಫ್ರೌನ್‌ಹೋಫರ್ ಸಂಸ್ಥೆಯವರು ಧ್ವನಿಯನ್ನು ಹಿಂಡಿ ಚಿಕ್ಕದಾಗಿಸಿದ ಕಡತಕ್ಕೆ ೧೯೯೫ರಲ್ಲಿ ‘ಎಂಪಿ೩’ ಎಂಬ ಬಾಲ ಅಂಟಿಸಿದ ಮೇಲೆ ಇದು ಸಾಧ್ಯವಾಯಿತು. ಈ ಬಗೆಯ ಸಾಧಾರಣ ಕಡತದಲ್ಲಿ ಮೂರು ಗಂಟೆಯ ಕಚೇರಿಯೊಂದು ಸುಮಾರು ೧೭೩ ಮೆಗಾಬೈಟಿನಲ್ಲಿ ಅಡಗುತ್ತದೆ. ಒಂದು ಟೆರಾಬೈಟಿನ ತಟ್ಟೆಯಲ್ಲಿ ಸುಮಾರು ೧೭,೦೦೦ ಗಂಟೆಗಳ ಸಂಗೀತ ಹಿಡಿಯುತ್ತದೆ. ನಿದ್ದೆ ಬಿಟ್ಟು ಕೇಳಿದರೂ ಹತ್ತಿರ ಹತ್ತಿರ ಎರಡು ವರ್ಷ ಬೇಕು! ಅಮೆರಿಕದ ಎಂಪಿ೩.ಕಾಂ ಎಂಬ ಸಂಸ್ಥೆ ೨೦೦೦ದಲ್ಲಿ, ಕೊಂಡ ಸಿ.ಡಿ.ಯನ್ನು ಗಣಕಕ್ಕೆ ತೋರಿಸಿದವನಿಗೆ ಅದೇ ಹಾಡನ್ನು ಎಲ್ಲಿ ಬೇಕಾದರೂ ಕೇಳಿಸುವ ಏರ್ಪಾಡು ಮಾಡಿತು. ಆದರೆ ಕೇಳಿಸುತ್ತಿದ್ದುದು ಸಂಸ್ಥೆ ತಾನೇ ಮಾಡಿಟ್ಟ ಪ್ರತಿಗಳನ್ನು. ಅದು ಗ್ರಂಥಸ್ವಾಮ್ಯದ ಉಲ್ಲಂಘನೆಯೆಂದು ನ್ಯಾಯಾಲಯ ಅದೇ ವರ್ಷ ತೀರ್ಪಿತ್ತಿತು. ಉಗ್ರಾಣ ನಿಜವಾಗಿ ಕೇಳುವವನ ಮನೆಯಲ್ಲೇ ಇರುವ ಏರ್ಪಾಡು ಆ ಬಳಿಕ ಬಲಿಯಿತು. ಈಗ ಜೆಲ್ಲಿಫಿನ್, ನ್ಯಾವಿಡ್ರೋಮ್ ಮುಂತಾದ ಬಿಟ್ಟಿ ತಂತ್ರಾಂಶಗಳು ಆ ಕೆಲಸ ಮಾಡುತ್ತವೆ.

ಇಲ್ಲಿ ಎರಡು ತೊಡಕುಗಳು. ಮೊದಲನೆಯದು ಉಪಗ್ರಹದ ದೂರ. ಎತ್ತರದ ಉಪಗ್ರಹಕ್ಕೆ ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡು ಬೇಕು. ೨೦೧೯ರಿಂದ ಹಿಂಡುಹಿಂಡಾಗಿ ಹಾರಿದ ಸ್ಟಾರ್‌ಲಿಂಕ್ ಉಪಗ್ರಹಗಳು ಸುಮಾರು ೫೫೦ ಕಿಲೋಮೀಟರ್ ಎತ್ತರದಲ್ಲೇ ಸುತ್ತುವುದರಿಂದ ಆ ವಿಳಂಬ ಸೆಕೆಂಡಿನ ಕೆಲವು ನೂರನೆಯ ಭಾಗಗಳಿಗೆ ಇಳಿದಿದೆ. ಆದರೆ ಅವು ನಿಲ್ಲುವವಲ್ಲ. ಒಂದು ಮರೆಯಾಗುವಾಗ ಇನ್ನೊಂದಕ್ಕೆ ಸಂಪರ್ಕ ದಾಟಬೇಕು, ನಡುವೆ ಕ್ಷಣಕಾಲ ತಡವರಿಸಬಹುದು. ಸಂಗೀತಕ್ಕೆ ಇದು ಬಾಧೆಯಲ್ಲ. ಕಾರ್ಪೊರೇಷನ್ ನೀರು ದಿನ ಬಿಟ್ಟು ದಿನ ಬಂದರೂ ನಮ್ಮ ನಲ್ಲಿ ಹರಿಯುವುದು ಮಾಳಿಗೆಯ ತೊಟ್ಟಿಯಿಂದ ಅಲ್ಲವೆ? ಹಾಗೆಯೇ ಕೇಳುವ ಯಂತ್ರ ಮುಂದಿನ ಸ್ವರಗಳನ್ನು ಮೊದಲೇ ತುಂಬಿಟ್ಟುಕೊಂಡಿರುತ್ತದೆ.

ಎರಡನೆಯ ತೊಡಕು ವಿಳಾಸದ್ದು. ಅಂತರಜಾಲದ ಹಳೆಯ ಪದ್ಧತಿಯ ವಿಳಾಸಗಳು ಸುಮಾರು ೪೨೯ ಕೋಟಿ. ಅವುಗಳ ಕೇಂದ್ರಭಂಡಾರ ೨೦೧೧ರ ಫೆಬ್ರುವರಿಯಲ್ಲಿ ಬರಿದಾಯಿತು. ಆದ್ದರಿಂದ ಹಲವು ಸಂಸ್ಥೆಗಳು, ಉಪಗ್ರಹದವರೂ ಕೂಡ, ನೂರಾರು ಮನೆಗಳಿಗೆ ಒಂದೇ ವಿಳಾಸ ಹಂಚುತ್ತಾರೆ. ನಮ್ಮ ಹಳೆಯ ವಠಾರವನ್ನು ನೆನೆಯಿರಿ. ಒಳಗಿನವರು ಹೊರಗೆ ಕಾಗದ ಬರೆದು ಉತ್ತರ ತರಿಸಿಕೊಳ್ಳಬಹುದು; ಆದರೆ ಬರಿಯ ವಠಾರದ ನಂಬರು ಹಿಡಿದು ಬಂದ ಅಂಚೆಯವನಿಗೆ ಯಾವ ಬಾಗಿಲು ತಟ್ಟಬೇಕೆಂದು ತಿಳಿಯದು. ಮನೆಯ ಸರ್ವರನ್ನು ಹೊರಗಿನಿಂದ ಕರೆದರೂ ಇದೇ ಪಾಡು. ಉಪಾಯವೂ ವಠಾರದ್ದೇ: ಒಳಗಿನ ಯಂತ್ರವೇ ಮೊದಲು ಹೊರಟು, ಸ್ವಂತ ವಿಳಾಸವುಳ್ಳ ಹೊರಗಿನ ಯಂತ್ರವೊಂದರೊಡನೆ ಗುಪ್ತ ಸುರಂಗವನ್ನು ತೆರೆದಿಡುತ್ತದೆ, ಊರಲ್ಲಿಲ್ಲದ ಯಜಮಾನ ಅದೇ ಸುರಂಗದಿಂದ ತನ್ನ ಮನೆಯೊಳಗೆ ಬರುತ್ತಾನೆ.

ಇಷ್ಟರಿಂದ ಸ್ವಾತಂತ್ರ್ಯ ಪೂರ್ಣವಾಯಿತೆಂದು ನಾನು ಹೇಳಲಾರೆ. ದಾರಿ ಇನ್ನೂ ಪರರದು. ಉಪಗ್ರಹದ ಒಡೆಯರು ಮನಸ್ಸು ಮಾಡಿದರೆ ಅದು ನಾಳೆಯೇ ಮುಚ್ಚೀತು. ಮನೆಯಲ್ಲಿ ಕರೆಂಟು ಹೋದರೆ ದೂರದ ಯಜಮಾನನಿಗೂ ಮೌನ. ತಟ್ಟೆ ಕೆಟ್ಟರೆ ದೂರಲು ಯಾರೂ ಇಲ್ಲ. ಇನ್ನೊಂದು ಪ್ರತಿಯನ್ನು ತಾನೇ ಇಡಬೇಕು. ಒಡೆತನವೆಂದರೆ ಕಾವಲೂ ಹೌದು. ಆದರೂ ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ. ಥಿಯೇಟ್ರೋಫೋನಿನ ಚಂದಾದಾರನಿಗೂ ವರ್ಲ್ಡ್‌ಸ್ಪೇಸಿನ ಚಂದಾದಾರನಿಗೂ ದಾರಿ ಕಡಿದ ದಿನವೇ ಸಂಗೀತವೂ ಮುಗಿಯಿತು. ಮನೆಯಲ್ಲಿ ಉಗ್ರಾಣವಿಟ್ಟವನಿಗೆ ದಾರಿ ಕಡಿದರೆ ಆಗುವ ನಷ್ಟ ಪ್ರಯಾಣದ್ದು ಮಾತ್ರ. ಅವನು ಊರಿಗೆ ಮರಳಿ ಬಾಗಿಲು ತೆರೆದರೆ, ಹಾಡು ಇಟ್ಟಲ್ಲೇ ಇರುತ್ತದೆ.