ರಷ್ಯಾದ ಪ್ರಬುದ್ಧ ನಿರಂಕುಶ ಪ್ರಭುತ್ವ: ಕಾನೂನು ಸುಧಾರಣೆ ಮತ್ತು ನೌಕಾಸೇವೆ

ದೊರೆಯ ಅಧಿಕಾರಕ್ಕೆ ಅಂಕುಶವಿಲ್ಲದಂತೆಯೇ ಉಳಿಸಿಕೊಂಡು, ವಿವೇಕದ ಕಾನೂನುಗಳಿಂದ ರಾಜ್ಯವನ್ನು ತಿದ್ದಲು ಹದಿನೆಂಟನೆಯ ಶತಮಾನದ ರಷ್ಯಾದಲ್ಲಿ ನಡೆದ ಪ್ರಯತ್ನ. ಇದರ ತಳಹದಿ ಪೀಟರ್ ದೊರೆಯ ಕಾಲದ್ದು. 1720ರ ನೌಕಾ ನಿಯಮಾವಳಿ ಹಡಗಿನ ಬದುಕನ್ನು ಕಟ್ಟಳೆಗೆ ಒಳಪಡಿಸಿತು. 1722ರ ಶ್ರೇಣಿಪಟ್ಟಿ ಸರ್ಕಾರಿ ಸೇವೆಯನ್ನು 14 ದರ್ಜೆಗಳಾಗಿ ವಿಂಗಡಿಸಿತು. ಸೇನೆಯಲ್ಲಾಗಲಿ ನೌಕಾಪಡೆಯಲ್ಲಾಗಲಿ ಅಧಿಕಾರಿಯ ಮೊದಲ ಮೆಟ್ಟಿಲೇರಿದ ಸಾಮಾನ್ಯನಿಗೂ ವಂಶಪಾರಂಪರ್ಯ ಕುಲೀನತೆ ದೊರೆಯುತ್ತಿತ್ತು. ನಾಗರಿಕ ಸೇವೆಯಲ್ಲಿ ಅದಕ್ಕೆ ಎಂಟನೆಯ ದರ್ಜೆಯವರೆಗೆ ಏರಬೇಕಿತ್ತು.

1762ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಕ್ಯಾಥರೀನ್, ಮಾಂಟೆಸ್ಕ್ಯೂ ಮತ್ತು ಬೆಕಾರಿಯಾ ಅವರ ಗ್ರಂಥಗಳಿಂದ ಧಾರಾಳವಾಗಿ ಎತ್ತಿಕೊಂಡು ‘ನಕಾಜ್’ ಎಂಬ ಮಾರ್ಗಸೂಚಿಯನ್ನು ರಚಿಸಿದಳು. ಚಿತ್ರಹಿಂಸೆ ಸಲ್ಲದು, ಸಮಾಜ ಶಾಂತವಾಗಿರುವಾಗ ಮರಣದಂಡನೆ ಅನಗತ್ಯ ಎಂದು ಅದು ಸಾರಿತು. ಅದರ ಆಧಾರದ ಮೇಲೆ ಹೊಸ ಸಂಹಿತೆ ಬರೆಯಲು 1767ರಲ್ಲಿ ಮಾಸ್ಕೋದಲ್ಲಿ ಐನೂರಕ್ಕೂ ಹೆಚ್ಚು ಪ್ರತಿನಿಧಿಗಳ ಆಯೋಗ ಸೇರಿತು. ಜಮೀನ್ದಾರರ ಜೀತರೈತರಿಗೆ ಅಲ್ಲಿ ಒಬ್ಬ ಪ್ರತಿನಿಧಿಯೂ ಇರಲಿಲ್ಲ; ಇಡೀ ಪ್ರಯತ್ನದ ಅತಿದೊಡ್ಡ ಕೊರತೆ ಇದೇ. 1768ರ ಕೊನೆಗೆ, ತುರ್ಕಿಯೊಡನೆ ಯುದ್ಧ ಆರಂಭವಾದಾಗ, ಆಯೋಗದ ಮಹಾಸಭೆ ನಿಂತುಹೋಯಿತು. ಸಂಹಿತೆ ಹೊರಬರಲೇ ಇಲ್ಲ.

ಅದೇ ಯುದ್ಧ ನೌಕಾಪಡೆಗೆ ಏಳಿಗೆ ತಂದಿತು. 1770ರಲ್ಲಿ ಚೆಸ್ಮೆಯ ಬಳಿ ತುರ್ಕಿಯ ಹಡಗುಗಳನ್ನು ಸುಟ್ಟ ಪಡೆಯಲ್ಲಿ ಸ್ಕಾಟ್ಲೆಂಡಿನ ಸ್ಯಾಮ್ಯುಯೆಲ್ ಗ್ರೇಗ್ ಹೆಸರು ಗಳಿಸಿ, ಮುಂದೆ ರಷ್ಯಾದ ಅಡ್ಮಿರಲ್ ಆದ.

ಕಾನೂನು ಮತ್ತು ಕಡಲು ಒಂದೇ ಬದುಕಿನಲ್ಲಿ ಕೂಡಿದ್ದಕ್ಕೆ ನಿಕೊಲಾಯ್ ಮೊರ್ದ್ವಿನೊವ್ (1754–1845) ನಿದರ್ಶನ. ಅಡ್ಮಿರಲ್ ಒಬ್ಬರ ಮಗನಾದ ಈತ ಇಂಗ್ಲೆಂಡಿನಲ್ಲಿ ನೌಕಾ ತರಬೇತಿ ಪಡೆದ, ಕಪ್ಪು ಸಮುದ್ರದ ನೌಕಾ ಆಡಳಿತವನ್ನು ನಡೆಸಿದ, 1802ರಲ್ಲಿ ರಷ್ಯಾದ ಮೊದಲ ನೌಕಾ ಸಚಿವನಾಗಿ ಕೆಲವೇ ತಿಂಗಳಲ್ಲಿ ಹುದ್ದೆ ತೊರೆದ. ಆತನ ನಿಜವಾದ ಎತ್ತರ ಕಾಣಿಸುವುದು ನಂತರ, ರಾಜ್ಯ ಪರಿಷತ್ತಿನ ಸದಸ್ಯನಾಗಿ. ನಿರಂಕುಶ ಪ್ರಭುತ್ವದ ವಿರುದ್ಧ ಅಧಿಕಾರಿಗಳು ಎಬ್ಬಿಸಿದ 1825ರ ಡಿಸೆಂಬರ್ ದಂಗೆಯಲ್ಲಿ ನೌಕಾಪಡೆಯ ಗಾರ್ಡ್ ತುಕಡಿಯೂ ಸೇರಿತ್ತು. ದಂಗೆಕೋರರ ವಿಚಾರಣೆಗೆ ನೇಮಕವಾದ ಪರಮೋಚ್ಚ ಕ್ರಿಮಿನಲ್ ನ್ಯಾಯಾಲಯದಲ್ಲಿ ಮೊರ್ದ್ವಿನೊವ್ ಬಹುಮತಕ್ಕೆ ಎದುರು ನಿಂತು, ಮರಣದಂಡನೆ ಸಲ್ಲದೆಂದು ಲಿಖಿತ ಅಭಿಪ್ರಾಯ ಕೊಟ್ಟ. ಮರಣದಂಡನೆಯನ್ನು ತಡೆಹಿಡಿದಿದ್ದ ರಷ್ಯಾದ ಹಿಂದಿನ ರಾಣಿ ಎಲಿಜಬೆತ್‌ಳ ಆಜ್ಞೆಗಳೂ ಕ್ಯಾಥರೀನಳ ನಕಾಜ್ ಕೂಡ ಆತನ ಆಧಾರಗಳಾಗಿದ್ದವು. ಸಂಹಿತೆಯಾಗಲಾರದೆ ಹೋದ ಬರಹ ಸುಮಾರು ಅರವತ್ತು ವರ್ಷಗಳ ಬಳಿಕ ಅರಮನೆಯ ಮುಂದೆಯೇ ವಾದವಾಗಿ ನಿಂತಿತು. ನಕಾಜ್‌ನ ನಿಜವಾದ ಸಾಧನೆ ಇಷ್ಟು, ಮತ್ತು ಇದು ಸಣ್ಣದಲ್ಲ.

ಆ ವಾದ ಗೆಲ್ಲಲಿಲ್ಲ. 1826ರ ಜುಲೈನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ನೌಕಾಧಿಕಾರಿ ನಿಕೊಲಾಯ್ ಬೆಸ್ತುಜೆವ್ ಸೇರಿದಂತೆ ಹಲವರು ಸೈಬೀರಿಯಾದ ಕಠಿಣ ದುಡಿಮೆಗೆ ಹೋದರು. ಆದರೂ ಕಾನೂನುಗಳ ಕೆಲಸ ನಿಲ್ಲಲಿಲ್ಲ: ಆಡಳಿತಗಾರ ಸ್ಪೆರಾನ್ಸ್ಕಿಯ ಮೇಲ್ವಿಚಾರಣೆಯಲ್ಲಿ 1830ರಲ್ಲಿ ಕಾನೂನುಗಳ ಸಮಗ್ರ ಸಂಗ್ರಹವೂ ಎರಡು ವರ್ಷಗಳ ನಂತರ ಅದರ ವ್ಯವಸ್ಥಿತ ಸಂಹಿತೆಯೂ ಸಿದ್ಧವಾದವು. ಮನಬಂದಂತೆ ಕಿತ್ತುಹಾಕಲಾಗದ ನ್ಯಾಯಾಧೀಶರೂ ತೀರ್ಪುಗಾರರ ಮಂಡಳಿಯೂ ರಷ್ಯಾಕ್ಕೆ ದೊರೆತದ್ದು 1864ರಲ್ಲಿ, ಎರಡನೆಯ ಅಲೆಕ್ಸಾಂಡರ್‌ನ ಕಾಲಕ್ಕೆ.