ಶ್ರೀರಂಗಪಟ್ಟಣದ ಚೇಲಾ ಬಾಲಕರೂ ಅಬ್ಬೆ ದುಬಾಯನ ಕ್ಷಮಾಕಾರ್ಯವೂ

ಪೋತ್ನಾಳದಿಂದ ದೇವದುರ್ಗದವರೆಗಿನ ಎರೆಯ ನಾಡಿನ ನಾಯಕ ಮನೆತನಗಳು ಸುರಪುರದ ಅರಸರನ್ನು ನೆನೆಯುವಷ್ಟೇ ಅಭಿಮಾನದಿಂದ ಚಿತ್ರದುರ್ಗದ ಮದಕರಿನಾಯಕನನ್ನೂ ನೆನೆಯುತ್ತವೆ. ಆದರೆ 1779ರಲ್ಲಿ ಆ ದುರ್ಗವು ಹೈದರಾಲಿಯ ವಶವಾದ ಮೇಲೆ ಆ ನಾಯಕರ ಕುಲದ ಬೇಡರ ಮಕ್ಕಳಿಗೆ ಒದಗಿದ ಗತಿಯನ್ನು ನಮ್ಮ ಚರಿತ್ರಕಾರರು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುವುದೇ ವಾಡಿಕೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದು ಆ ರಾಜ್ಯದ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸನ ಪ್ರಕಾರ, ಸುಮಾರು 20,000 ಜನರನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿ, ಅವರೊಳಗಿನ ತಕ್ಕ ವಯಸ್ಸಿನ ಹುಡುಗರನ್ನು ಬಲಾತ್ಕಾರದಿಂದ ಮತಾಂತರಿಸಿ, ಚೇಲಾ ಎಂಬ ಪಟಾಲಮುಗಳನ್ನು ಕ್ರಮಬದ್ಧವಾಗಿ ಮೊದಲಬಾರಿಗೆ ಕಟ್ಟಲಾಯಿತು. ವಿಲ್ಕ್ಸನು ಗೆದ್ದವರ ಕಡೆಯ ಲೇಖಕನಾದುದರಿಂದ ಅವನ ಅಂಕಿಗಳನ್ನು ಎಚ್ಚರದಿಂದಲೇ ಓದಬೇಕು. ಪದ್ಧತಿಯಿದ್ದುದನ್ನು ಮಾತ್ರ ಸೆರೆಯಾಳುಗಳ ಬರಹಗಳೂ ಸಮರ್ಥಿಸುತ್ತವೆ.

ಅವುಗಳಲ್ಲೊಂದು ಜೇಮ್ಸ್ ಸ್ಕರಿ ಎಂಬ ಆಂಗ್ಲ ನಾವಿಕನ ಆತ್ಮವೃತ್ತಾಂತ. 1782ರಲ್ಲಿ ಫ್ರೆಂಚರು ತಾವು ಹಿಡಿದ ಹಡಗಿನವರನ್ನು ಹೈದರನಿಗೆ ಒಪ್ಪಿಸಿದಾಗ ಹದಿನಾರರ ಆಸುಪಾಸಿನವನಾಗಿದ್ದ ಈ ಬಾಲಕನು, ಸುನ್ನತಿಗೂ ಚೇಲಾ ಸೇವೆಗೂ ಗುರಿಯಾಗಿ, ಸುಮಾರು ಹತ್ತು ವರ್ಷಗಳ ಮೇಲೆ ತಪ್ಪಿಸಿಕೊಂಡು ಸ್ವಜನರನ್ನು ಸೇರುವ ವೇಳೆಗೆ, ಕುರ್ಚಿಯ ಮೇಲೆ ಕೂಡುವುದನ್ನೂ ಚಾಕು-ಮುಳ್ಳುಚಮಚಗಳ ಬಳಕೆಯನ್ನೂ ಮರೆತು, ತಾಯ್ನುಡಿಯನ್ನೇ ತಡವರಿಸಿ ಆಡುವವನಾಗಿದ್ದನು. ಸೆರೆಬಿಟ್ಟವನ ಎರಡನೆಯ ಸೆರೆಯೆಂದರೆ ಇದೇ.

1784ರಲ್ಲಿ, ಆಂಗ್ಲರಿಗೆ ನೆರವಾದರೆಂಬ ಆರೋಪದ ಮೇಲೆ, ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತರಿಸಿದನು. ಅವರನ್ನೂ ಬಲವಂತದಿಂದ ಮತಾಂತರಿಸಲಾಯಿತು; ಅವರಲ್ಲಿಯ ತರುಣರೂ ಅಹಮದೀ ಎಂಬ ಮತಾಂತರಿತರ ದಳಗಳಿಗೆ ಸೇರಿದರು. 1799ರಲ್ಲಿ ಪಟ್ಟಣವು ಬಿದ್ದ ತರುವಾಯ ಈ ಚದರಿದ ಸಮುದಾಯವನ್ನು ಪುನಃ ಕೂಡಿಸಲು ಬಂದವನೇ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. ಒಯ್ದವರ ಸಂಖ್ಯೆಯನ್ನು ಆತನು 60,000 ಎನ್ನುತ್ತಾನೆ; ಇತರರ ಎಣಿಕೆಗಳು ಬೇರೆ ಬೇರೆ. ಮರಳಿದವರಲ್ಲಿ ಸುಮಾರು 2,000 ಮಂದಿ ತನ್ನ ಪಾಲಿಗೆ ಬಂದರೆಂದೂ, ತಮ್ಮ ಮತತ್ಯಾಗವು ಕೇವಲ ಬಾಹ್ಯವೆಂದು ಅವರು ಹೇಳಿಕೊಂಡರೆಂದೂ, ಇಪ್ಪತ್ತು ಸಾವಿರದಷ್ಟು ಜನರು ಮಂಗಳೂರು ಸೀಮೆಗೆ ಹಿಂದಿರುಗಿ ದೇವಾಲಯಗಳನ್ನು ಮತ್ತೆ ಎಬ್ಬಿಸಿದರೆಂದೂ ಆತನೇ 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಬರೆದಿದ್ದಾನೆ. ಗಂಜಾಮಿನ ಚರ್ಚು ಆತನ ಹೆಸರಿನಿಂದಲೇ ಪರಿಚಿತವಾಗಿದೆ. ನೆಲೆಗೆಟ್ಟವರಿಗೆಂದು ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯದ ವಸತಿಯನ್ನು ಏರ್ಪಡಿಸಿದನು. 1803-04ರಲ್ಲಿ ಸಿಡುಬಿನ ಲಸಿಕೆಯನ್ನು 25,432 ಜನರಿಗೆ ಹಾಕಿಸಿದನು. ಜನರು ಆತನನ್ನು ದೊಡ್ಡಸ್ವಾಮಿ ಎಂದು ಕರೆದುದರಲ್ಲಿ ಆಶ್ಚರ್ಯವಿಲ್ಲ.

ಆದರೂ ಮತ ಬಿಟ್ಟವರನ್ನು ಮರಳಿ ಸೇರಿಸಿಕೊಂಡ ಆ ಕ್ಷಮೆಯ ಸ್ವರೂಪವನ್ನು ವಿಮರ್ಶಿಸದೆ ವಿಧಿಯಿಲ್ಲ. ಅಷ್ಟು ಸಾವಿರ ಜನರಲ್ಲಿ ಧರ್ಮಕ್ಕಾಗಿ ಪ್ರಾಣಕೊಡಲು ಒಬ್ಬನೂ ಮುಂದಾಗಲಿಲ್ಲವೆಂದು ದುಬಾಯನು ಕಹಿಯಾಗಿ ಆಕ್ಷೇಪಿಸುತ್ತಾನೆ. ಬಲವಂತಕ್ಕೆ ಮಣಿದ ಬಾಲಕನೂ ಆತನ ದೃಷ್ಟಿಯಲ್ಲಿ ಮೊದಲು ಅಪರಾಧಿ, ಅನಂತರವೇ ಪೀಡಿತ. ಎರಡು ಶತಮಾನಗಳ ಮೇಲೆ ಉತ್ತರ ಉಗಾಂಡದಲ್ಲಿ, ಬಂಡುಕೋರರು ಅಪಹರಿಸಿ ಬಂದೂಕು ಹಿಡಿಸಿದ ಮಕ್ಕಳ ವಿಷಯದಲ್ಲಿ, ಈ ಕ್ರಮವು ತಲೆಕೆಳಗಾಯಿತು. 1996ರಲ್ಲಿ ಅಬೋಕೆಯ ಶಾಲೆಯಿಂದ ಬಂಡುಕೋರರು ಎಳೆದೊಯ್ದ 139 ಬಾಲಕಿಯರ ಬೆನ್ನುಹತ್ತಿ ಕಾಡಿಗೆ ಹೋದ ಇಟಲಿಯ ಸನ್ಯಾಸಿನಿ ರಾಕೆಲೆ ಫಸ್ಸೇರ 109 ಮಂದಿಯನ್ನು ಬಿಡಿಸಿ ತಂದಳು. ಗುಲುವಿನ ಸಂತ ಮೋನಿಕಾ ಕೇಂದ್ರದಲ್ಲಿ ರೋಸ್‌ಮೇರಿ ನ್ಯಿರುಂಬೆ ಎಂಬ ಸನ್ಯಾಸಿನಿಯು, ಬಂದೂಕು ಹಿಡಿದು ಬಂದ ಹುಡುಗಿಯರಿಗೆ ಹೊಲಿಗೆ ಕಲಿಸಿದಳು. ಅಚೋಲಿ ಸೀಮೆಯ ಧರ್ಮಗುರುಗಳ ಒತ್ತಾಯವೂ ಸೇರಿ 2000ದಲ್ಲಿ ಕ್ಷಮಾದಾನದ ಶಾಸನವಾಯಿತು.

ಶ್ರೀರಂಗಪಟ್ಟಣದಲ್ಲಿ ದುಬಾಯನ ಕರುಣೆಯು ಹುಟ್ಟುಕ್ರೈಸ್ತರ ಎಲ್ಲೆಯನ್ನು ದಾಟಿದ್ದು ಲಸಿಕೆಯ ಮಟ್ಟಿಗೆ. ಮನೆಗೆ ಮರಳಿಸುವ ಕಾರ್ಯದಲ್ಲಿ ಬೇಡರ ಬಾಲಕರು ಆತನ ಲೆಕ್ಕದೊಳಗೆ ಬರಲಿಲ್ಲ. ಕಂಪನಿಯ ಸರ್ವೇಯರನಾದ ಮೆಕೆಂಜಿಯು ಸಂಗ್ರಹಿಸಿದ ಕೈಫಿಯತ್ತುಗಳೆಂಬ ಸ್ಥಳೀಯ ವೃತ್ತಾಂತಗಳನ್ನೂ ದುರ್ಗದ ಸೀಮೆಯ ಲಾವಣಿಗಳನ್ನೂ ಆ ಬಾಲಕರಲ್ಲಿ ಯಾರು ಮನೆಗೆ ಮರಳಿದರೆಂಬ ಒಂದು ಪ್ರಶ್ನೆಯನ್ನು ಇಟ್ಟುಕೊಂಡು ಯಾರಾದರೂ ತರುಣ ಸಂಶೋಧಕರು, ರಾಯಚೂರು ಕಡೆಯವರೇ ಆದರೆ ಇನ್ನೂ ಮೇಲು, ಮೊದಲಿನಿಂದ ಓದಿನೋಡಬೇಕು.