ಮೋಟೆಯಿಂದ ಪಂಪಿನವರೆಗೆ: ಜತ್ತ ಭಾಗಕ್ಕೆ ನೀರು ಬಂದ ಇತಿಹಾಸ



ನಮ್ಮ ಇತಿಹಾಸ ಪುಸ್ತಕಗಳಲ್ಲಿ ರಾಜರಿದ್ದಾರೆ, ಯುದ್ಧಗಳಿವೆ, ಒಪ್ಪಂದಗಳಿವೆ. ನೀರು ಎತ್ತುವ ಯಂತ್ರಕ್ಕೆ ಮಾತ್ರ ಅಲ್ಲಿ ಒಂದು ಪುಟವೂ ಸಿಕ್ಕಿಲ್ಲ. ಆದರೆ ಜತ್ತ ತಾಲ್ಲೂಕಿನ ತಿಕೋಂಡಿ, ಉಮದಿ, ಸಂಖದಂತಹ ಪೂರ್ವ ಭಾಗದ ಕನ್ನಡ ಹಳ್ಳಿಗಳಲ್ಲಿ ಒಂದು ಮನೆತನ ಊರಲ್ಲೇ ಉಳಿಯಿತೋ, ಕಬ್ಬು ಕಡಿಯಲು ಗುಳೆ ಹೋಯಿತೋ ಎಂಬುದನ್ನು ತೀರ್ಮಾನಿಸಿದ್ದು ಡಫಳೆ ಸಂಸ್ಥಾನದ ದರ್ಬಾರಿಗಿಂತ ಹೆಚ್ಚಾಗಿ ಬಾವಿಯ ನೀರು. ಆದ್ದರಿಂದ ಈ ಸಲ ಪಂಪಿನ ಇತಿಹಾಸ.

ಪಂಪಿಗೆ ಮೊದಲು ಮೋಟೆ ಇತ್ತು. ಪುಸ್ತಕದ ಕನ್ನಡದಲ್ಲಿ ಕಪಿಲೆ ಎನ್ನುತ್ತಾರೆ. ಬಾವಿಯ ಬಾಯಿಗೆ ಎರಡು ಕಂಬ, ಮೇಲೆ ಒಂದು ಗಾಲಿ, ಕೆಳಗೆ ಒಂದು ಉರುಳೆ. ಚರ್ಮದ ದೊಡ್ಡ ಚೀಲಕ್ಕೆ ಎರಡು ಹಗ್ಗ: ದಪ್ಪ ಹಗ್ಗ ಮೇಲಿನ ಗಾಲಿಯ ಮೇಲೆ, ತೆಳು ಹಗ್ಗ ಕೆಳಗಿನ ಉರುಳೆಯ ಮೇಲೆ. ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆದಂತೆ ಚೀಲ ಮೇಲೆ ಬರುತ್ತಿತ್ತು. ತುದಿ ಮುಟ್ಟಿದಾಗ ಚೀಲದ ಸೊಂಡಿಲು ತಾನಾಗಿಯೇ ಚಾಚಿಕೊಂಡು ನೀರು ದೋಣಿಗೆ ಸುರಿಯುತ್ತಿತ್ತು. ಎತ್ತಿನ ಭಾರವೂ ಇಳಿಜಾರೂ ಸೇರಿ ಕೆಲಸ ಮಾಡುವ ಈ ಉಪಾಯವನ್ನು ಕಂಡುಹಿಡಿದವನ ಹೆಸರು ಯಾರಿಗೂ ಗೊತ್ತಿಲ್ಲ. ನನ್ನ ಮಟ್ಟಿಗೆ ಅವನೊಬ್ಬ ದೊಡ್ಡ ಎಂಜಿನಿಯರ್! ಆದರೆ ಒಂದು ಮೋಟೆ ಇಡೀ ದಿನ ದುಡಿದರೂ ನೆನೆಯುತ್ತಿದ್ದುದು ಸ್ವಲ್ಪ ನೆಲ ಮಾತ್ರ. ಬಾವಿ ಆಳವಾದಷ್ಟೂ ಎತ್ತಿನ ಹೆಜ್ಜೆ ಹೆಚ್ಚುತ್ತಿತ್ತು, ನೀರು ಕಡಿಮೆಯಾಗುತ್ತಿತ್ತು.

ಇನ್ನು ಲಕ್ಷ್ಮಣರಾವ್ ಕಿರ್ಲೋಸ್ಕರ್. ಇವರು ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮುಂಬೈಯಲ್ಲಿ ಚಿತ್ರಕಲೆ ಕಲಿತು, ಅಲ್ಲಿಯೇ ತಾಂತ್ರಿಕ ಸಂಸ್ಥೆಯೊಂದರಲ್ಲಿ ಕಲಿಸುವ ಕೆಲಸ ಮಾಡಿದರು. ಅಂದರೆ ಅವರೂ ನಮ್ಮಂತೆ ಮಾಸ್ತರರೇ. ನಂತರ ಬೆಳಗಾವಿಗೆ ಬಂದು ಸಹೋದರನ ಜೊತೆ ಸೈಕಲ್ ಅಂಗಡಿ ನಡೆಸಿದರು, ಮೇವು ಕತ್ತರಿಸುವ ಯಂತ್ರ ಮಾಡಿದರು, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವಾಗುತ್ತದೆ ಎಂದು ರೈತರು ಮೊದಮೊದಲು ಆ ನೇಗಿಲನ್ನು ಕೊಳ್ಳಲಿಲ್ಲ. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ರಾಜರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕುಂಡಲದ ರೈಲು ನಿಲ್ದಾಣದ ಹತ್ತಿರ ಭೂಮಿ ಕೊಟ್ಟರು. ಕಳ್ಳಿ, ಹಾವುಗಳ ಆ ಬಂಜರಿನಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಅಲ್ಲಿಯೇ 1926ರಲ್ಲಿ ಅವರ ಮೊದಲ ಸೆಂಟ್ರಿಫ್ಯೂಗಲ್ ಪಂಪು ತಯಾರಾಯಿತು.

ಆಗ ಜತ್ತ ಒಂದು ಸಂಸ್ಥಾನ, ಔಂಧ ಇನ್ನೊಂದು. 1948ರ ವಿಲೀನದ ನಂತರ ಎರಡೂ ಕಡೆಯ ಹಳ್ಳಿಗಳು ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿದವು. 1960ರಲ್ಲಿ ಆ ಜಿಲ್ಲೆಗೆ ಸಾಂಗಲಿ ಎಂದು ಹೆಸರಾಯಿತು. ಹೀಗೆ, ದೇಶಕ್ಕೆಲ್ಲ ಪಂಪು ಕಳಿಸುವ ಊರು ಮತ್ತು ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ನೋಡುವ ಊರು ಒಂದೇ ಜಿಲ್ಲೆಯ ನಕಾಶೆಯಲ್ಲಿ ಕೂತವು.

ಮಕ್ಕಳಿಗೆ ಪಂಪಿನ ಒಳಗಿನ ಸಂಗತಿ ಹೇಳಬೇಕು. ಬಸವನ ಹುಳುವಿನ ಚಿಪ್ಪಿನಂತಹ ಡಬ್ಬಿಯೊಳಗೆ ರೆಕ್ಕೆಗಳಿರುವ ಒಂದು ಚಕ್ರ ತಿರುಗುತ್ತದೆ. ನೀರು ನಡುವಿನಿಂದ ಒಳಗೆ ಬಂದು, ಅಂಚಿಗೆ ಎಸೆಯಲ್ಪಟ್ಟು, ಪೈಪಿನಲ್ಲಿ ಮೇಲೇರುತ್ತದೆ. ಪಂಪು ನೀರನ್ನು 'ಎಳೆಯುತ್ತದೆ' ಎನ್ನುತ್ತೇವಲ್ಲ, ನಿಜವಾಗಿ ಕೆಳಗಿನಿಂದ ನೀರನ್ನು ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಆ ಒತ್ತಡ ಲೆಕ್ಕದಲ್ಲಿ ಸುಮಾರು 34 ಅಡಿ ತಳ್ಳಬಲ್ಲದು, ಹೊಲದಲ್ಲಿ 20-25 ಅಡಿ ಬಂದರೆ ಪುಣ್ಯ. ಅದಕ್ಕೇ ನೀರು ಇಳಿದಂತೆ ನಮ್ಮ ಹಿರಿಯರು ಎಂಜಿನ್ನನ್ನು ಬಾವಿಯೊಳಗೆ ಮೆಟ್ಟಿಲ ಮೇಲೆ ಇಳಿಸುತ್ತಾ ಹೋದದ್ದು. ಪೈಪಿನ ತುದಿಯ ಫುಟ್‌ವಾಲ್ವ್ ಸೋರಿದರೆ ಸಗಣಿ ನೀರು ಸುರಿದು ಬಿಗಿ ಮಾಡುತ್ತಿದ್ದರು. ಯಾವ ಕಂಪನಿಯ ಪುಸ್ತಕದಲ್ಲೂ ಬರೆಯದ ವಿದ್ಯೆ ಇದು.

ಪಂಪಿಗೆ ಎರಡು ಕೆಲಸಗಳಿವೆ: ಎತ್ತುವುದು ಒಂದು, ಹರಿಸುವುದು ಇನ್ನೊಂದು. ಎರಡನೆಯದನ್ನು ಅರಿಯಲು ಮನೆಗಳಲ್ಲಿ ಹವಳ ಸಾಕುವ ಗಾಜಿನ ತೊಟ್ಟಿ ನೋಡಬೇಕು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. (ಅದನ್ನು ಕಿತ್ತು ತರುವುದು ನಮ್ಮ ದೇಶದಲ್ಲಿ ಅಪರಾಧ, ನೆನಪಿರಲಿ.) ಹವಳ ಕೂತಲ್ಲಿಂದ ಏಳಲಾರದ ಜೀವಿ. ಆಹಾರ, ಆಮ್ಲಜನಕ ಎಲ್ಲವೂ ನೀರಿನೊಡನೆ ಅದರ ಬಳಿಗೆ ಬರಬೇಕು, ಕೊಳೆ ನೀರಿನೊಡನೆಯೇ ಹೋಗಬೇಕು. ನಿಂತ ನೀರಿನಲ್ಲಿ ಅದು ಸಾಯುತ್ತದೆ. ಅದಕ್ಕಾಗಿ ತೊಟ್ಟಿಯ ಎರಡು ಬದಿಗೆ ಪುಟ್ಟ ಪಂಪು ಕೂರಿಸಿ, ಒಂದಾದ ಮೇಲೊಂದು ನಡೆಸಿ, ಅಲೆ ಎಬ್ಬಿಸುತ್ತಾರೆ. ಅಲ್ಲಿ ಎತ್ತರವಿಲ್ಲ, ಹರಿವು ಮಾತ್ರ. ಈ ಜ್ಞಾನಕ್ಕೂ ಇತಿಹಾಸವಿದೆ. 1853ರಲ್ಲಿ ಲಂಡನ್ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆದಾಗ ಸಮುದ್ರದ ನೀರನ್ನು ಶುದ್ಧವಾಗಿ ಇಡುವುದೇ ದೊಡ್ಡ ತೊಂದರೆಯಾಗಿತ್ತು. 1871ರಲ್ಲಿ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ವಿಲಿಯಂ ಆಲ್ಫರ್ಡ್ ಲಾಯ್ಡ್ ಎಂಬಾತ ನೆಲದಡಿ ಕತ್ತಲೆಯ ದೊಡ್ಡ ಹೌದು ಕಟ್ಟಿಸಿ, ಅದೇ ನೀರನ್ನು ಪಂಪಿನಿಂದ ಹಗಲು ರಾತ್ರಿ ತೊಟ್ಟಿಗಳ ಮೂಲಕ ಸುತ್ತಿಸಿದ.

ಒಕ್ಕಲಿಗನೂ ಹವಳದಂತೆಯೇ. ಹೊಲ ಬಿಟ್ಟು ನೀರಿದ್ದ ಕಡೆ ಹೋದರೆ ಅವನು ಒಕ್ಕಲಿಗನಾಗಿ ಉಳಿಯುವುದಿಲ್ಲ, ಕೂಲಿಯಾಗುತ್ತಾನೆ.

1972ರ ಬರಗಾಲ ನಮ್ಮ ಹಿರಿಯರಿಗೆ ಮರೆಯಲಾಗದ್ದು. ಕಲ್ಲು ಒಡೆದು ಕೂಲಿ ಪಡೆದ ವರ್ಷ ಅದು. ಆ ದಶಕದಲ್ಲಿಯೇ ಕೊಳವೆ ಬಾವಿಗಳು ಹಳ್ಳಿಗಳಿಗೆ ಬಂದವು. ಇಂದಿಗೂ ಎಷ್ಟೋ ಶಾಲೆಗಳ ಅಂಗಳದಲ್ಲಿ ನಿಂತಿರುವ ಕೈಪಂಪು 'ಇಂಡಿಯಾ ಮಾರ್ಕ್ 2'. ಯುನಿಸೆಫ್ ನೆರವಿನಿಂದ ರೂಪುಗೊಂಡ ಈ ಪಂಪಿಗೆ ಮೂಲ ನಮ್ಮ ಪಕ್ಕದ ಸೋಲಾಪುರದಲ್ಲಿ ತಯಾರಾದ ಕೈಪಂಪು! ನಂತರ ಸಬ್‌ಮರ್ಸಿಬಲ್ ಬಂತು. ಪಂಪು ನೀರಿನಲ್ಲೇ ಮುಳುಗಿರುವುದರಿಂದ ಅದಕ್ಕೆ ಗಾಳಿಯ ಒತ್ತಡದ ಮಿತಿ ಇಲ್ಲ. ಮಿತಿ ಹೋಯಿತು, ಜೊತೆಗೆ ಅಂತರ್ಜಲವೂ ಹೋಯಿತು.

ಕೊನೆಗೆ ಉಳಿದದ್ದು ಕೃಷ್ಣೆ. ಮಿರಜ ತಾಲ್ಲೂಕಿನ ಮ್ಹೈಸಾಳದಲ್ಲಿ ನೀರೆತ್ತುವ ಯೋಜನೆ 1980ರ ದಶಕದಲ್ಲಿ ಮಂಜೂರಾಯಿತು. ಮ್ಹೈಸಾಳ ಕೆಳಗೆ, ಜತ್ತ ಮೇಲೆ. ಆದ್ದರಿಂದ ಒಂದೇ ಜಿಗಿತದಲ್ಲಿ ಅಲ್ಲ, ಹಂತ ಹಂತವಾಗಿ ಪಂಪುಮನೆಗಳನ್ನು ಕಟ್ಟಬೇಕಾಯಿತು. ದಶಕಗಳು ಕಳೆದವು. ಕಟ್ಟಿದ ಪಂಪುಗಳೂ ವಿದ್ಯುತ್ ಬಿಲ್ಲು ಬಾಕಿಯಾದಾಗ ನಿಂತವು. 2016ರಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕೃಷ್ಣೆಯ ನೀರು ಹೋಯಿತು, ದೇಶವೆಲ್ಲ ಕೊಂಡಾಡಿತು. ಜತ್ತದ ಪೂರ್ವ ಭಾಗದ ಹಳ್ಳಿಗಳು ಅದನ್ನು ಪತ್ರಿಕೆಯಲ್ಲಿ ಓದಿದವು, ಅಷ್ಟೇ.

ಅದಕ್ಕೂ ಮೊದಲು, 2012ರ ಸುಮಾರಿಗೆ, ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆ ಎಂದು ಈ ಭಾಗದ ನಲವತ್ತರಷ್ಟು ಹಳ್ಳಿಗಳು ಠರಾವು ಮಾಡಿದ್ದವು. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಆ ಠರಾವಿನ ಮಾತೆತ್ತಿದಾಗ ಎರಡೂ ರಾಜ್ಯಗಳಲ್ಲಿ ಗದ್ದಲವಾಯಿತು. ಅನೇಕರು ಅದನ್ನು ಭಾಷೆಯ ಜಗಳ ಎಂದು ತಿಳಿದರು. ಠರಾವಿನ ಮೂಲ ನೀರಿನಲ್ಲಿತ್ತು.

ಆ ವರ್ಷದ ಕೊನೆಗೆ ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯ ನೀರು ಗಡಿ ದಾಟಿ ತಿಕೋಂಡಿಯ ಕೆರೆಗೆ ಬಂತು. ಇದರ ದಾರಿಯನ್ನು ನಕಾಶೆಯಲ್ಲಿ ಬೆರಳಿಟ್ಟು ನೋಡಿರಿ. ಕೃಷ್ಣೆ ಸಾಂಗಲಿಯನ್ನು, ಮ್ಹೈಸಾಳವನ್ನು ದಾಟಿ ಕರ್ನಾಟಕಕ್ಕೆ ಇಳಿಯುತ್ತದೆ. ಜಮಖಂಡಿ ತಾಲ್ಲೂಕಿನ ದಂಡೆಯಲ್ಲಿ ಅಲ್ಲಿನ ಪಂಪುಗಳು ಅದನ್ನು ಮೇಲೆತ್ತುತ್ತವೆ. ನಮ್ಮ ಜಿಲ್ಲೆಯಿಂದ ಹರಿದುಹೋದ ನದಿಯ ನೀರು ಇನ್ನೊಂದು ರಾಜ್ಯದ ಪಂಪು ಹತ್ತಿ ನಮ್ಮ ಜಿಲ್ಲೆಗೇ ತಿರುಗಿ ಬಂದಂತಾಯಿತು! ಇದಾದ ಬಳಿಕ ಮಹಾರಾಷ್ಟ್ರ ಸರ್ಕಾರವೂ ವಿಸ್ತಾರಿತ ಮ್ಹೈಸಾಳ ಯೋಜನೆಗೆ ವೇಗ ಕೊಟ್ಟಿತು.

ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ಮೋಟೆ ಹೊಡೆದ ಅಜ್ಜಂದಿರು ಈಗ ಬೆರಳೆಣಿಕೆಯಷ್ಟು ಮಾತ್ರ ಇದ್ದಾರೆ. ನಿಮ್ಮ ಊರಿನ ಹಳೆಯ ಬಾವಿಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ದಂಡೆಯ ಕಲ್ಲಿನಲ್ಲಿ ಹಗ್ಗ ಕೊರೆದ ಗೀರುಗಳನ್ನು ತೋರಿಸಿರಿ. ಬಾವಿಯ ಆಳ, ಪಂಪು ಕೂರಿಸಿದ ವರ್ಷ, ನೀರು ಬತ್ತಿದ ವರ್ಷ ಇಷ್ಟನ್ನು ಒಂದು ವಹಿಯಲ್ಲಿ ಬರೆಯಿಸಿ ಶಾಲೆಯಲ್ಲಿ ಇಟ್ಟುಕೊಳ್ಳಿರಿ.